ಲವ್ವು ಗಿವ್ವು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆಡುಮಾತಿನಲ್ಲಿ ‘ಲವ್’ ಎಂಬ ಪದಕ್ಕೆ ಇರುವುದು ಒಂದೇ ಅರ್ಥ. ತಾಯಿಗೆ ಮಗುವಿನ ಮೇಲಿರುವುದು ಲವ್ ಅಲ್ಲ. ಒಕ್ಕಲಿಗೆ ಮಾದಪ್ಪನ ಮೇಲಿರುವುದು ಲವ್ ಅಲ್ಲ. ಮದುವೆಯಾಗಿ ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡಹೆಂಡಿರ ನಡುವೆ ಇರುವುದೂ ಅಲ್ಲ. ಮದುವೆಯಾಗದ ಒಬ್ಬ ಹುಡುಗ, ಒಬ್ಬ ಹುಡುಗಿ, ಮನೆಯವರಿಗೆ ಗೊತ್ತಾಗದ ಹಾಗೆ ಒಬ್ಬರ ಮೇಲೊಬ್ಬರು ಮನಸ್ಸು ಇಟ್ಟುಕೊಂಡಿದ್ದರೆ ಮಾತ್ರ ಅದು ಲವ್ವು. ಇಂಗ್ಲಿಷಿನವರು ದೇವರಿಂದ ಹಿಡಿದು ಐಸ್‌ಕ್ರೀಮಿನ ತನಕ ಎಲ್ಲದಕ್ಕೂ ಬಳಸುವ ಪದ ಇಲ್ಲಿಗೆ ಬರುವಷ್ಟರಲ್ಲಿ ಸೂಜಿಯ ಮೊನೆಯಷ್ಟು ಸಣ್ಣದಾಗಿದೆ. ಮೊನಚೂ ಅಷ್ಟೇ ಇದೆ. ‘ಲವ್ವು ಗಿವ್ವು ಅಂತ ಏನಾರ ಸುರುಮಾಡ್ಕಂಡ್ರೆ ಕಾಲ್ ಮುರುದಾಕ್ಬುಡ್ತೀನಿ’ ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ಈ ಕಡೆ ಕಡಿಮೆ.

ಆ ‘ಗಿವ್ವು’ ಕನ್ನಡದ್ದು. ಊಟಗೀಟ, ಮದುವೆಗಿದುವೆ ಎನ್ನುವ ಹಾಗೆ. ಹೊರಗಿನಿಂದ ಬಂದ ಪದಕ್ಕೆ ‘ಗಿ’ ಅಂಟಿತೆಂದರೆ ಅದು ಮನೆಯ ಪದವಾಯಿತು ಎಂದೇ ಲೆಕ್ಕ. ಈ ಪದ ಮನೆಗೆ ಬಂದ ದಾರಿ ಯಾವುದು? ಶಾಲೆಯಂತೂ ಅಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ಒಂದನೇ ತರಗತಿಗೆ ಅದು ಬಂದದ್ದು 2007ರಲ್ಲಿ. ಅದಕ್ಕೆ ದಶಕಗಳ ಮೊದಲೇ, ಎ ಬಿ ಸಿ ಡಿ ಬಾರದವರ ಬಾಯಲ್ಲೂ ಲವ್ ಇತ್ತು. ಅದನ್ನು ಕಲಿಸಿದ್ದು ಟೆಂಟಿನ ಪರದೆ.

ಪದ ಬರುವ ಮೊದಲು ಇಲ್ಲಿ ಏನಿತ್ತು ಎಂದು ನೋಡಬೇಕು. ಭಾವನೆಯಂತೂ ಇತ್ತು, ಅದರಲ್ಲಿ ಅನುಮಾನವಿಲ್ಲ. ಪದಗಳೂ ಇದ್ದವು: ಪ್ರೀತಿ, ಇಷ್ಟ, ಆಸೆ, ಮೋಹ, ‘ಮನಸ್ಸಾಯ್ತು’. ಆದರೆ ‘ಪ್ರೀತಿ’ ಬಹಳ ಅಗಲವಾದ ಪದ. ಎತ್ತಿನ ಮೇಲೂ ಪ್ರೀತಿ, ಮೊಮ್ಮಗಳ ಮೇಲೂ ಪ್ರೀತಿ. ಗಂಡು ಹೆಣ್ಣಿನ ನಂಟನ್ನು ಮಾತಿಗೆ ತರಬೇಕಾದಾಗ ಈ ಸೀಮೆಯ ಕಾವ್ಯಗಳು ಭಾವನೆಯ ಪದಗಳ ಕಡೆಗೆ ಹೆಚ್ಚು ಹೋಗುವುದಿಲ್ಲ. ಅವು ಹೋಗುವುದು ಎರಡು ಕಡೆಗೆ.

ಒಂದು, ಭಾಷೆ. ನುಡಿ ಎಂಬ ಅರ್ಥದ ಭಾಷೆಯಲ್ಲ, ಆಣೆ ಎಂಬ ಅರ್ಥದ್ದು. ದೇವರ ಗುಡ್ಡರು, ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲಿ ಸಂಕಮ್ಮನ ಸಾಲು ಇದೆಯಲ್ಲ, ಅದನ್ನು ನೆನೆಯಿರಿ. ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೊಡು ಎನ್ನುತ್ತಾನೆ. ಆಕೆ ಒಪ್ಪುವುದಿಲ್ಲ. ಒಪ್ಪದಿದ್ದುದಕ್ಕೆ ಅವನು ಕೊಡುವ ಹಿಂಸೆಯನ್ನು ಗುಡ್ಡರು ಹಾಡುವಾಗ ಕೇಳುವ ಹೆಂಗಸರ ಕಣ್ಣು ಇವತ್ತಿಗೂ ಒದ್ದೆಯಾಗುತ್ತದೆ. ಆ ಕಥೆಯಲ್ಲಿ ಒಲವು ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಏಳುವುದು ಮಾತು ಕೊಡುವ, ಕೊಡದಿರುವ ಪ್ರಶ್ನೆ.

ಇನ್ನೊಂದು, ನೆಂಟಸ್ತಿಕೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥ ದೇವರು ಮಾತ್ರ ಅಲ್ಲ, ಭಾವ ಕೂಡ. ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಆತ. ಹೊರಗಿನಿಂದ ಬಂದ ಗಂಡು, ಅದೂ ದೇವರು, ಸೋಲಿಗರ ಹುಡುಗಿಗೆ ಮನಸೋತ. ಇಂಥ ಕಥೆಯನ್ನೂ ನಮ್ಮ ಜನ ಹೇಳಿಕೊಂಡದ್ದು ಒಂದು ನಂಟಿನ ಪದದಲ್ಲಿ: ರಂಗಭಾವ. ಸೋದರಮಾವ, ಅತ್ತೆಮಗಳು, ಅಕ್ಕನ ಮಗಳು ಎಂಬ ಕೊಡುಕೊಳ್ಳುವ ಸಂಬಂಧಗಳಲ್ಲೇ ಮದುವೆ ನಡೆಯುತ್ತಿದ್ದ ಸಮಾಜಕ್ಕೆ ಬೇರೆ ಪದ ಬೇಕಿರಲಿಲ್ಲ. ಯಾರನ್ನು ಚುಡಾಯಿಸಬಹುದು, ಯಾರ ಮುಂದೆ ತಲೆ ತಗ್ಗಿಸಬೇಕು ಎಂಬುದೆಲ್ಲ ನಂಟಿನ ಪದದಲ್ಲೇ ಬರೆದಿರುತ್ತಿತ್ತು. ‘ಅತ್ತೆಮಗಳು’ ಎಂದರೆ ಅದರಲ್ಲೇ ಅರ್ಧ ಸಲಿಗೆ.

ಯಳಂದೂರಿನ ಸಂಚಿ ಹೊನ್ನಮ್ಮನನ್ನೂ ಇಲ್ಲಿ ನೆನೆಯಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಾಕೆ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ಕೇಳುವ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳಿಗೆಲ್ಲ ಬಂದಿದೆ. ಆದರೂ ಕಾವ್ಯದ ಹೆಸರೇ ಹೇಳುವ ಹಾಗೆ ಅಲ್ಲಿ ಗಂಡಹೆಂಡಿರ ಒಲವು ಧರ್ಮದ ಒಳಗೆ ಕೂತಿದೆ. ಹೆಣ್ಣು ತನ್ನ ಗಂಡಿಗೆ ನೇರವಾಗಿ ‘ನನಗೆ ನೀನು ಬೇಕು’ ಎನ್ನುವ ವಾಕ್ಯಕ್ಕೆ ಅಂಥ ಕಡೆ ಜಾಗ ಸಿಕ್ಕುವುದು ಕಷ್ಟ.

ಹೀಗೆ ಭಾಷೆ ಇತ್ತು, ಭಾವ ಇತ್ತು, ಧರ್ಮ ಇತ್ತು. ಇಲ್ಲದೇ ಇದ್ದದ್ದು ನಂಟಿನ ಹಂಗಿಲ್ಲದೆ ಒಬ್ಬರು ಇನ್ನೊಬ್ಬರಿಗೆ ಹೇಳಬಹುದಾದ ಒಂದು ವಾಕ್ಯ.

ಈಗ ಸಿನಿಮಾಕ್ಕೆ ಬರೋಣ. ಅದಕ್ಕೆ ಸ್ವಲ್ಪ ಭೂಗೋಳ ಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಹನೂರು ಆಗ ಅದರೊಳಗೇ ಇತ್ತು. ಹದಿನೈದಿಪ್ಪತ್ತು ಕಿಲೋಮೀಟರು ಆಚೆಗಿನ ಯಳಂದೂರು, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು, ಮೈಸೂರಿನದ್ದು. ಒಂದೇ ಮಾತಾಡುವ ಎರಡು ಊರುಗಳ ನಡುವೆ ಒಂದೂವರೆ ಶತಮಾನ ರಾಜ್ಯದ ಗಡಿ ಹಾದುಹೋಗಿತ್ತು. ಅದೇ ಕೊಯಮತ್ತೂರು ಜಿಲ್ಲೆಯಲ್ಲಿ, ತಾಳವಾಡಿ ಕಡೆಯ ಗಾಜನೂರಿನಲ್ಲಿ, 1929ರಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂಬ ರಂಗನಟರಿಗೆ ಒಬ್ಬ ಮಗ ಹುಟ್ಟಿದ. ಮುತ್ತತ್ತಿರಾಯನ ಹೆಸರಲ್ಲಿ ಮುತ್ತುರಾಜ ಎಂದು ಕರೆದರು. ರಾಜ್ಯಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಗಾಜನೂರು ಅಲ್ಲೇ ಉಳಿಯಿತು. ಅಷ್ಟರಲ್ಲಿ ಮುತ್ತುರಾಜ ‘ಬೇಡರ ಕಣ್ಣಪ್ಪ’ನಾಗಿ, ರಾಜ್‌ಕುಮಾರ್ ಆಗಿ ಎರಡು ವರ್ಷ ಕಳೆದಿತ್ತು. ನಮ್ಮ ಸೀಮೆಯವರಿಗೆ ಅವರು ಪರದೆಯ ಮೇಲಿನ ನಟ ಮಾತ್ರವಲ್ಲ. ಬೆಟ್ಟದ ಆ ಮಗ್ಗುಲಿನ ಹುಡುಗ, ನಮ್ಮ ಹಾಗೆಯೇ ಶಾಲೆ ಅರ್ಧಕ್ಕೆ ಬಿಟ್ಟವರು. ಈ ಹತ್ತಿರ ಮುಂದಿನ ಕಥೆಗೆ ಬೇಕಾಗುತ್ತದೆ.

ಟೆಂಟ್ ಸಿನಿಮಾದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಿದ್ದಾರೆ. ನೆಲ, ಬೆಂಚು, ಕುರ್ಚಿ; ಟಿಕೆಟ್ ಕೊಡುವ ಮುನ್ನ ಮೈಕಿನಲ್ಲಿ ಘಂಟಸಾಲರ ಭಕ್ತಿಗೀತೆ; ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವ ಹುಡುಗರು. ಅದನ್ನೆಲ್ಲ ಬಿಟ್ಟು ಒಂದೇ ಸಂಗತಿ ಹೇಳುತ್ತೇನೆ. ಟೆಂಟಿನ ಪ್ರೇಕ್ಷಕ ನೋಡುವವನಷ್ಟೇ ಕೇಳುವವನೂ ಆಗಿದ್ದ. ಮಾದಪ್ಪನ ಕಥೆ, ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಕೇಳಿ ಬಾಯಿಪಾಠ ಮಾಡುವ ನಾಡಿನಲ್ಲಿ ಸಿನಿಮಾದ ಸಂಭಾಷಣೆಯೂ ಬಾಯಿಪಾಠದ ವಸ್ತುವೇ. 1977ರಲ್ಲಿ ‘ಬಭ್ರುವಾಹನ’ ಬಂದಾಗ ಅರ್ಜುನ, ಬಭ್ರುವಾಹನರ ಜಗಳದ ಮಾತುಗಳನ್ನು ಓದುಬರಹ ಬಾರದವರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅದರಲ್ಲಿ ಸಂಸ್ಕೃತ ಎಷ್ಟು, ಗ್ರಾಂಥಿಕ ಕನ್ನಡ ಎಷ್ಟು! ಎಷ್ಟೋ ಪದಗಳ ಅರ್ಥ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಸನ್ನಿವೇಶ ಗೊತ್ತಿತ್ತು, ದನಿ ಗೊತ್ತಿತ್ತು, ಮುಖ ಗೊತ್ತಿತ್ತು. ಪದ ಅಲ್ಲಿಂದಲೇ ಅರ್ಥ ಹೀರಿಕೊಳ್ಳುತ್ತಿತ್ತು.

ಮರುವರ್ಷ, 1978ರಲ್ಲಿ, ಅದೇ ದನಿ ಇಂಗ್ಲಿಷಿನಲ್ಲಿ ಹಾಡಿತು. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಪೂರ್ತಿ ಇಂಗ್ಲಿಷಿನದೇ ಒಂದು ಹಾಡು. ‘ಶಂಕರ್ ಗುರು’ವಿನಲ್ಲಿ, ತ್ರಿಪಾತ್ರದ ಆ ಸಿನಿಮಾದಲ್ಲಿ, ಪ್ರೀತಿಸು ಇಲ್ಲವೆ ದ್ವೇಷಿಸು ಎಂದು ಹುಡುಗಿಗೆ ಇಂಗ್ಲಿಷಿನಲ್ಲೇ ಸವಾಲು ಹಾಕುವ ಪಲ್ಲವಿ. ನನ್ನ ಮಟ್ಟಿಗೆ ನಮ್ಮ ಸೀಮೆಯ ಭಾವಕೋಶದ ಚರಿತ್ರೆಯಲ್ಲಿ ಈ ವರ್ಷಕ್ಕೆ ದೊಡ್ಡ ಜಾಗವಿದೆ. ಕನ್ನಡ ಸಿನಿಮಾದಲ್ಲಿ ಲವ್ ಎಂಬ ಪದ ಮೊದಲು ಕೇಳಿಸಿದ್ದು ಆಗ ಎಂದಲ್ಲ. 1966ರಲ್ಲೇ ‘ಲವ್ ಇನ್ ಬೆಂಗಳೂರು’ ಎಂಬ ಚಿತ್ರ ಬಂದಿತ್ತು. ಆದರೆ ಅದು ಹೆಸರಲ್ಲೇ ಹೇಳುವ ಹಾಗೆ ಬೆಂಗಳೂರಿನ ಲವ್. ಸೂಟು ಬೂಟಿನವರ ಬಾಯಲ್ಲಿ ಇಂಗ್ಲಿಷ್ ಇದ್ದರೆ ಅದು ಅವರ ಬಟ್ಟೆಯಷ್ಟೇ ಅವರದು. ಗಾಜನೂರಿನ ಮುತ್ತುರಾಜ ಅದನ್ನು ಹಾಡಿದಾಗ ಲೆಕ್ಕ ಬದಲಾಯಿತು. ಇಸ್ಕೂಲು ಮುಗಿಸದವರೂ ಈ ಪದವನ್ನು ನಾಲಗೆಯ ಮೇಲೆ ಇಟ್ಟುಕೊಳ್ಳಬಹುದು, ಇಟ್ಟುಕೊಂಡರೆ ಯಾರೂ ನಗುವುದಿಲ್ಲ ಎಂದಾಯಿತು. ಬಭ್ರುವಾಹನನ ಗ್ರಾಂಥಿಕವೂ ಈ ಇಂಗ್ಲಿಷೂ ನೆಲದ ಮೇಲೆ ಕೂತವರಿಗೆ ಒಂದೇ ದೂರದವು. ಒಂದೇ ಕಂಠ ಎರಡನ್ನೂ ಹತ್ತಿರ ತಂದಿತು.

‘ಶಂಕರ್ ಗುರು’ ಮರುವರ್ಷವೇ ಶಿವಾಜಿ ಗಣೇಶನ್ ಅವರ ‘ತಿರಿಶೂಲಂ’ ಆಗಿ ತಮಿಳಿಗೆ ಹೋಯಿತು. ಹನೂರು ಕಡೆ ತಮಿಳು ಮನೆಮಾತಿನವರು ಬಹಳ. ಅವರಿಗೆ ‘ಕಾದಲ್’ ಇತ್ತು, ಬಾಯಿತುಂಬ ಬಳಸುವ ತಮ್ಮದೇ ಪದ. ಕನ್ನಡದಲ್ಲಿ ಅಂಥದ್ದು ಇರಲಿಲ್ಲ. ‘ಪ್ರೇಮ’ ಇತ್ತಲ್ಲ ಎನ್ನಬಹುದು. ಪ್ರೇಮ ಸಿನಿಮಾದ ಹೆಸರುಗಳಿಗೆ, ಹಾಡುಗಳಿಗೆ, ಕಾದಂಬರಿಗಳಿಗೆ ಒಗ್ಗಿದ ಪದ. ‘ನಾನು ಅವಳನ್ನು ಪ್ರೇಮಿಸುತ್ತಿದ್ದೇನೆ’ ಎಂದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನಿಗೆ ಹೇಳಿ ನೋಡಿ, ಅವನು ನಿಮ್ಮ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾನೆ.

ಇನ್ನೊಂದು ಪದ ‘ಪ್ರೀತಿಸುತ್ತೇನೆ’. ನಾವು ಬೆಳೆಯುವಾಗ ಈ ಕ್ರಿಯಾಪದವನ್ನು ಗಟ್ಟಿಯಾಗಿ ಹೇಳುತ್ತಿದ್ದುದು ದಿನಕ್ಕೆ ಒಮ್ಮೆ, ಶಾಲೆಯ ಪ್ರಾರ್ಥನೆಯ ಹೊತ್ತಿಗೆ, ಬಲಗೈ ಮುಂದೆ ಚಾಚಿ, ದೇಶಕ್ಕೆ. ಅದೇ ಪ್ರತಿಜ್ಞೆಯಲ್ಲಿ ಭಾರತೀಯರೆಲ್ಲ ಸಹೋದರ ಸಹೋದರಿಯರು ಎಂದೂ ಬರುತ್ತಿತ್ತು. ಅಲ್ಲಿ ಬಂದಾಗ ಪಕ್ಕದ ಸಾಲಿನ ಹುಡುಗಿಯರನ್ನು ನೋಡಿ ದನಿ ತಗ್ಗಿಸುವ ಹುಡುಗರು ಎಲ್ಲ ಶಾಲೆಗಳಲ್ಲೂ ಇದ್ದರು ಎಂದು ಕಾಣುತ್ತದೆ. ಮನುಷ್ಯರಿಗೆ ಮನುಷ್ಯರು ಹೇಳುವ ವಾಕ್ಯವಾಗಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಅದು ಇಂಗ್ಲಿಷಿನ ವಾಕ್ಯವೇ ಕನ್ನಡದ ಪದ ಉಟ್ಟುಕೊಂಡು ನಿಂತಂತಿದೆ.

ಯಾಕೆ ಹೀಗೆ ಎಂದು ಕೇಳಿದರೆ ವ್ಯಾಕರಣದ ಕಡೆ ಕೈ ತೋರಿಸಬೇಕಾಗುತ್ತದೆ. ಕನ್ನಡದಲ್ಲಿ ಭಾವನೆ ನಮಗೆ ಆಗುವಂಥದ್ದು, ನಾವು ಮಾಡುವಂಥದ್ದಲ್ಲ. ನನಗೆ ಕೋಪ ಬಂತು, ನನಗೆ ಭಯವಾಯಿತು, ನನಗೆ ಬೇಜಾರಾಗಿದೆ, ನನಗೆ ಅವಳ ಮೇಲೆ ಮನಸ್ಸಾಯಿತು. ಎಲ್ಲ ಕಡೆ ‘ನನಗೆ’. ಮಳೆ ಬಂದ ಹಾಗೆ ಕೋಪ ಬರುತ್ತದೆ. ನೆನೆದದ್ದು ನನ್ನ ತಪ್ಪಲ್ಲ. ‘ಲವ್’ ಬಂದದ್ದು ‘ಮಾಡು’ವಿನ ಜೊತೆ. ಲವ್ ಮಾಡ್ತಾವ್ನೆ, ಲವ್ ಮಾಡ್ತಾವ್ಳೆ. ಉಳುವ ಹಾಗೆ, ನೇಯುವ ಹಾಗೆ, ಇದೂ ಒಬ್ಬ ಮನುಷ್ಯ ತಾನಾಗಿ ಮಾಡುವ ಕೆಲಸವಾಯಿತು. 1989ರಲ್ಲಿ ಕಾಶೀನಾಥ್ ತಮ್ಮ ಸಿನಿಮಾಕ್ಕೆ ‘ಲವ್ ಮಾಡಿ ನೋಡು’ ಎಂದೇ ಹೆಸರಿಟ್ಟರು. ಮಾಡಿ ನೋಡಬಹುದಾದದ್ದು! ಮಾಡುವುದಾದರೆ ಅದರ ಹೊಣೆಯೂ ಮಾಡಿದವರದ್ದೇ, ತಪ್ಪೂ ಅವರದ್ದೇ. ಮುಂದೆ ಪಂಚಾಯ್ತಿಗಳಲ್ಲಿ ಈ ‘ಮಾಡು’ ತುಂಬಾ ಕೆಲಸಕ್ಕೆ ಬಂತು.

ವಾಕ್ಯದ ಇನ್ನೊಂದು ತುದಿಯಲ್ಲಿ ‘ಯೂ’ ಇದೆ. ನನ್ನ ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ತುಣುಕು ಇದು. ಕನ್ನಡದಲ್ಲಿ ಎದುರಿಗಿದ್ದವರ ಜೊತೆ ಬಾಯಿ ಬಿಡಬೇಕೆಂದರೆ ನೀನೋ ನೀವೋ ಮೊದಲು ತೀರ್ಮಾನವಾಗಬೇಕು. ಬಹುಪಾಲು ಮನೆಗಳಲ್ಲಿ ಹೆಂಡತಿ ಗಂಡನಿಗೆ ‘ನೀನು’ ಎನ್ನುವ ಹಾಗಿಲ್ಲ, ಹೆಸರು ಹಿಡಿಯುವ ಹಾಗಿಲ್ಲ. ಗದ್ದೆಯ ಯಜಮಾನನ ಮಗಳಿಗೆ ಕೂಲಿಯವನ ಮಗ ‘ನೀನು’ ಎನ್ನುವ ಹಾಗಿಲ್ಲ. ಅವಳು ಅವನ ಅಪ್ಪನಿಗೂ ‘ಏನ್ಲಾ’ ಎನ್ನಬಹುದು. ಈ ಎರಡು ಸರ್ವನಾಮಗಳ ಒಳಗೆ ವಯಸ್ಸು, ಗಂಡಸುತನ, ಜಾತಿ, ಜಮೀನು ಎಲ್ಲ ಕೂತಿವೆ. ಪ್ರೀತಿಯನ್ನು ಕನ್ನಡದಲ್ಲಿ ಹೇಳಹೊರಟ ಹುಡುಗ ಹುಡುಗಿ ಮೊದಲ ಪದದಲ್ಲೇ ಎಡವುತ್ತಾರೆ. ‘ಐ ಲವ್ ಯೂ’ ಆ ಎಡರನ್ನು ದಾಟಿಸಿತು. ‘ಐ’ಗೆ ಜಾತಿಯಿಲ್ಲ, ‘ಯೂ’ಗೆ ಮರ್ಯಾದೆಯ ಮೆಟ್ಟಿಲಿಲ್ಲ. ಮೂರು ಪದ ಮುಗಿಯುವಷ್ಟು ಹೊತ್ತು ಇಬ್ಬರೂ ಒಂದೇ ಎತ್ತರದಲ್ಲಿ ನಿಂತಿರುತ್ತಾರೆ. ಮುಂದಿನ ಮಾತು ಕನ್ನಡಕ್ಕೆ ಬಂದ ಕೂಡಲೇ ಮೆಟ್ಟಿಲು ವಾಪಸು ಬರುತ್ತದೆ, ಅದು ಬೇರೆ ಮಾತು. ಇಂಗ್ಲಿಷಿನ ಗುಂಗಿನಿಂದ ನಮ್ಮ ಹಳ್ಳಿ ಹುಡುಗರು ಆ ವಾಕ್ಯ ಕಲಿತರು ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ ಎನಿಸುತ್ತದೆ.

1987ರ ‘ಪ್ರೇಮಲೋಕ’ದ ಹೊತ್ತಿಗೆ ದಾರಿ ಸಿದ್ಧವಾಗಿತ್ತು. ರವಿಚಂದ್ರನ್, ಜೂಹಿ ಚಾವ್ಲಾ, ಹಂಸಲೇಖರ ಹಾಡುಗಳು. ಕಾಲೇಜು, ಬೈಕು, ಹಾಡಿನಲ್ಲೇ ನಡೆಯುವ ಮಾತುಕತೆ. ಹಂಸಲೇಖ ಇಂಗ್ಲಿಷ್ ಪದಗಳನ್ನು ಆಡುಗನ್ನಡದ ಪ್ರಾಸಕ್ಕೆ ಎಷ್ಟು ಸಲೀಸಾಗಿ ಕೂರಿಸಿದರೆಂದರೆ ಹೊಲಿಗೆಯೇ ಕಾಣದು. ಟೇಪ್ ರೆಕಾರ್ಡರು, ಕ್ಯಾಸೆಟ್ಟು, ದೂರದರ್ಶನದ ‘ಚಿತ್ರಮಂಜರಿ’ ಎಲ್ಲ ಸೇರಿ ಟೆಂಟಿಗೆ ಹೋಗಲಾಗದ ಹೆಣ್ಣುಮಕ್ಕಳಿಗೂ ಆ ಪದಗಳನ್ನು ಮುಟ್ಟಿಸಿದವು. ಪಿಯುಸಿಗೆಂದು ಹನೂರು ಕಡೆಯ ಹಳ್ಳಿಗಳಿಂದ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿದ ಮೊದಲ ತಲೆಮಾರಿನ ಹುಡುಗಿಯರಿಗೆ ಅತ್ತೆಮಗನಲ್ಲದ, ಮಾವನಲ್ಲದ ಗಂಡಸರು ಪಕ್ಕದ ಸೀಟಿನಲ್ಲಿ ಸಿಗತೊಡಗಿದ್ದು ಇದೇ ಕಾಲದಲ್ಲಿ. ನಂಟಿನ ಪದಗಳಿಗೆ ದಕ್ಕದ ಮನುಷ್ಯರು ಮತ್ತು ನಂಟಿಲ್ಲದ ಪದ, ಎರಡೂ ಒಟ್ಟಿಗೆ ಬಂದವು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಸುಳ್ಳಾಗಿರುತ್ತದೆ. ಸಿನಿಮಾ ಕಲಿಸಿದ್ದು ಹೇಳುವುದನ್ನಷ್ಟೇ ಅಲ್ಲ; ಕೇಳಿ ಕೇಳಿ ಒಪ್ಪಿಸುವುದನ್ನೂ ಕಲಿಸಿತು. 2000ದಲ್ಲಿ ಬಂದ ‘ಪ್ರೀತ್ಸೆ’ ಎಂಬ ಸಿನಿಮಾದ ಹೆಸರನ್ನೇ ನೋಡಿ. ಕನ್ನಡದ್ದೇ ಕ್ರಿಯಾಪದ, ಆದರೆ ಆಜ್ಞೆಯ ರೂಪದಲ್ಲಿ, ಹೆಣ್ಣಿಗೆ, ಏಕವಚನದಲ್ಲಿ. ‘ಯೂ’ ಅಳಿಸಿದ್ದ ಮೆಟ್ಟಿಲನ್ನು ಆ ‘ಎ’ಕಾರ ಮತ್ತೆ ಕಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ಬಿದ್ದವನಿಗೆ ಇಲ್ಲ ಎಂದರೆ ಅದನ್ನು ಉತ್ತರವೆಂದು ತೆಗೆದುಕೊಳ್ಳದಿರುವುದನ್ನು ನಮ್ಮ ನಾಯಕರು ಎರಡೂವರೆ ಗಂಟೆ ತೋರಿಸಿದರು. ನನ್ನ ಓರಗೆಯ ಎಷ್ಟೋ ಹೆಣ್ಣುಮಕ್ಕಳು ಆ ಮೂರು ಪದಗಳನ್ನು ಮೊದಲು ಕೇಳಿದ್ದು ಹೆದರಿಕೆಯ ಜೊತೆ. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆ. ಹೇಳದಿದ್ದರೆ ಅವನು ಬಿಡುವುದಿಲ್ಲ.

ಅದಕ್ಕಿಂತ ದೊಡ್ಡ ತಿರುವು ಪದದ ವ್ಯಾಕರಣದಲ್ಲೇ ಆಯಿತು. ಪರದೆಯ ಮೇಲೆ ಲವ್ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಾಗಿ ಬಂದಿತ್ತು. ಊರೊಳಗೆ ಅದು ಮೂರನೆಯವರ ಬಾಯಿಗೆ ಹೋಯಿತು. ‘ಅವ್ಳು ಲವ್ವಂತೆ’, ‘ಲವ್ ಕೇಸು ಕನಾ’, ‘ಲವ್ ಮಾಡಿ ಓಡೋದ್ರು’. ಹೇಳುವ ಪದ ದೂರಿನ ಪದವಾಯಿತು. ಕೇಸು ಎಂಬುದನ್ನು ಅಂಟಿಸಿದ್ದು ಸಿನಿಮಾ ಅಲ್ಲ, ನಾವೇ. ಹುಡುಗ ಹುಡುಗಿ ಒಂದೇ ಜಾತಿಯವರಾಗಿದ್ದರೆ ಹದಿನೈದು ದಿನದಲ್ಲಿ ಆ ಪದ ಕರಗಿ ‘ಸಂಬಂಧ’ವಾಗುತ್ತದೆ. ಬೇರೆ ಜಾತಿ, ಅದರಲ್ಲೂ ಒಬ್ಬರು ದಲಿತರಾಗಿದ್ದರೆ, ಪದ ಕರಗುವುದಿಲ್ಲ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲೇ ಇದನ್ನು ತೋರಿಸಿತ್ತು. ರಾಮಾಚಾರಿಗೆ ಅಲಮೇಲುವೂ ದಕ್ಕಲಿಲ್ಲ, ಮಾರ್ಗರೆಟ್ಟಳೂ ದಕ್ಕಲಿಲ್ಲ. ಉಳಿದದ್ದು ಬೆಟ್ಟದ ತುದಿ. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ ನಮ್ಮ ಪಕ್ಕದ ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದದ್ದು. ಮೇಲುಜಾತಿಯ ಕುಸುಮಳ ಜೊತೆಗಿನ ನಂಟಿಗೆ ಚೆನ್ನ ಜೀವ ತೆರುತ್ತಾನೆ. ಕುಸುಮಾಲೆಯನ್ನು ವರಿಸಿದ ರಂಗನನ್ನು ಭಾವ ಎಂದು ಕರೆದು ಒಳಗೆ ಸೇರಿಸಿಕೊಂಡ ಸೀಮೆಯ ಮಗ್ಗುಲಲ್ಲೇ, ಚೆನ್ನನನ್ನು ಕರೆಯಲು ಯಾವ ನಂಟಿನ ಪದವೂ ಇರಲಿಲ್ಲ. ದೇವರಿಗೆ ಸಿಕ್ಕ ಪದ ಹೊಲಗೇರಿಯ ಹುಡುಗನಿಗೆ ಸಿಗಲಿಲ್ಲ.

ಕಾನೂನಿನ ಹತ್ತಿರ ಈ ಪದವೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವವರು ನೋಟಿಸು ಕೊಡಬೇಕು. ಅದನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು. ಮೂವತ್ತು ದಿನ ಆಕ್ಷೇಪಣೆಗೆ ಕಾಯಬೇಕು. ಹೆಸರು, ವಯಸ್ಸು, ಕಸುಬು, ವಿಳಾಸ ಎಲ್ಲ ಅದರಲ್ಲಿರುತ್ತದೆ. ಇಬ್ಬರ ಕಿವಿಗೆ ಮಾತ್ರ ಎಂದು ಹೇಳಿಕೊಂಡದ್ದನ್ನು ಊರೆಲ್ಲ ಓದುವ ಹಾಗೆ ಗೋಡೆಗೆ ಹಚ್ಚಿ ಒಂದು ತಿಂಗಳು ಉಸಿರು ಹಿಡಿದಿರುವುದು ಹೇಗಿರುತ್ತದೆ ಎಂದು ಆ ದಾರಿ ಹಿಡಿದವರೇ ಹೇಳಬೇಕು. ಬಹಳ ಜನ ಆ ತಿಂಗಳನ್ನು ತಪ್ಪಿಸಿಕೊಳ್ಳಲು ದೇವಸ್ಥಾನದ ದಾರಿ ಹಿಡಿಯುತ್ತಾರೆ.

ಲವ್ ಹಿಂದೆಯೇ ಬೇರೆ ಪದಗಳೂ ಬಂದವು. ಫೀಲಿಂಗು, ಟೆನ್ಶನ್ನು, ಬೋರು, ಮಿಸ್ಸು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದ ಮೇಲೆ ಹುಡುಗರು ನೋವನ್ನೂ ತಮಾಷೆಯ ದನಿಯಲ್ಲಿ ಹೇಳಲು ಕಲಿತರು. ಇವೆಲ್ಲ ‘ಆಗು’ವಿನ ಜೊತೆಗೇ ಸೇರಿಕೊಂಡಿವೆ ಎಂಬುದನ್ನು ಗಮನಿಸಬೇಕು: ಫೀಲ್ ಆಯ್ತು, ಬೋರ್ ಆಯ್ತು, ಟೆನ್ಶನ್ ಆಯ್ತು. ಹಳೆಯ ವ್ಯಾಕರಣ ಅವನ್ನು ತನ್ನ ಸಾಲಿನಲ್ಲಿ ಕೂರಿಸಿಕೊಂಡಿದೆ. ಅವುಗಳಿಂದ ಯಾರ ಕಾಲೂ ಮುರಿಯುವುದಿಲ್ಲ. ಲವ್ ಒಂದು ಮಾತ್ರ ಇನ್ನೂ ‘ಮಾಡು’ವಿನ ಜೊತೆಗಿದೆ.

ಈಚೆಗೆ ಇನ್ನೊಂದನ್ನು ಗಮನಿಸುತ್ತಿದ್ದೇನೆ. ವಯಸ್ಸಾದವರು ಆ ಪದವನ್ನು ಹಿಂದಕ್ಕೆ ಒಯ್ಯತೊಡಗಿದ್ದಾರೆ. ಸೋದರಮಾವನನ್ನೇ ಮದುವೆಯಾಗಿ ನಲವತ್ತು ವರ್ಷವಾದ ಹೆಂಗಸು ಧಾರಾವಾಹಿ ನೋಡುತ್ತಾ, ಪಕ್ಕದಲ್ಲಿ ಗಂಡ ಇಲ್ಲದ ಹೊತ್ತು ನೋಡಿ, ‘ನಮ್ದೂವೆ ಒಂತರ ಲವ್ವೇಯ’ ಎಂದು ಸೊಸೆಗೆ ಹೇಳುತ್ತಾಳೆ. ಬೆಟ್ಟದ ಮೇಲೆ, ಕಾಲೇಜು ಹುಡುಗರಿಗೆ ಕಥೆ ಹೇಳುವಾಗ, ರಂಗಪ್ಪ ಕುಸುಮಾಲೆಯನ್ನು ಕಂಡು ಮನಸೋತ ಭಾಗಕ್ಕೆ ಬಂದ ಹಿರಿಯರು ‘ಅದು ಲವ್ ಮ್ಯಾರೇಜು ಕನಪ್ಪ’ ಎಂದದ್ದನ್ನು ಕೇಳಿದ್ದೇನೆ. ಹುಡುಗರು ನಕ್ಕರು. ಹಿರಿಯರೂ ನಕ್ಕು, ‘ಆಮೇಕೆ ನಮ್ಗ ಬಾವ ಆದ’ ಎಂದು ಕಥೆಯನ್ನು ಮುಂದುವರಿಸಿದರು.